ಬಸ್ಸಿನ ಸಾಹೇಬರು ಎಲ್ಲಿ ಇಳೀತಾರ?

ಬೆಂಗಳೂರಿನ ಬಸ್ಸು, ಮೆಟ್ರೋ ನಡೆಸುವ ದೊಡ್ಡ ಸಾಹೇಬರ ನೌಕರಿ ಹೇಗಿರುತ್ತದೆ ಅಂತ ತಿಳಿಯಲು ಬೆಂಗಳೂರಿಗೇ ಹೋಗಬೇಕೆಂದೇನಿಲ್ಲ. ವಿಜಯಪುರ ಜಿಲ್ಲೆಯ ನಿಡೋಣಿಯಲ್ಲಿ ನಮ್ಮ ಹಿತ್ತಲ ಬೇಲಿಗೆ ಬಂದು ನಿಂತರೂ ಆದೀತು. ಬೇಲಿಯಾಚೆಯ ಕಾಕಾ ಕಂಡಕ್ಟರಿಕೆ ಮಾಡಿ ನಿವೃತ್ತರಾದವರು. ಪೇಪರ್ ಬಂದರೆ ಮಂದಿ ಮೊದಲು ರಾಶಿಭವಿಷ್ಯ ನೋಡುತ್ತಾರೆ, ಕ್ರಿಕೆಟ್ ನೋಡುತ್ತಾರೆ. ಕಾಕಾ ಹುಡುಕುವುದು ಐಎಎಸ್ ಅಧಿಕಾರಿಗಳ ವರ್ಗಾವಣೆ ಪಟ್ಟಿ. ಯಾರ ಜಾಗಕ್ಕೆ ಯಾರು, ಯಾರಿಗೆ ಜಾಗಾನೇ ತೋರಿಸಿಲ್ಲ, ಯಾರಿಗೆ ಹೆಚ್ಚುವರಿ ಹೊಣೆ, ಎಲ್ಲಾ ಬೆರಳಿಟ್ಟು ಓದುತ್ತಾರೆ. ಇದು ಎಂಥಾ ಚಟ ಅಂತ ಅವರ ಹೆಂಡತಿ ಕಾಕು ಬೈಯುವುದೂ ನಡೆದೇ ಇದೆ.

ಕಾಕಾನ ನೌಕರಿಗೇ ಮೂರು ಹೆಸರು. ಸೇರಿದಾಗ ಕೆಎಸ್‌ಆರ್‌ಟಿಸಿ. 2000ದಲ್ಲಿ ಕಲಬುರಗಿ ಕೇಂದ್ರವಾಗಿ ಈಶಾನ್ಯ ಸಾರಿಗೆ ನಿಗಮ ಹುಟ್ಟಿತು. 2021ರಲ್ಲಿ ಅದೇ ಕಲ್ಯಾಣ ಕರ್ನಾಟಕ ನಿಗಮವಾಯಿತು. ಖಾಕಿ ಅಂಗಿ ಮಾತ್ರ ಅದೇ. ಈ ಹೆಸರಿನ ಮೇಲೆ ಕಾಕಾನದೊಂದು ಕಾಯಂ ಚಾಷ್ಟಿ ಇದೆ: "ಕಲ್ಯಾಣ ಕರ್ನಾಟಕದಾಗ ನಮ್ಮ ಜಿಲ್ಲಾ ಇಲ್ಲ, 371-ಜೆ ಮೀಸಲಾತಿ ನಮಗಿಲ್ಲ, ಬಸ್ಸಿನ ಮ್ಯಾಲ ಮಾತ್ರ ಕಲ್ಯಾಣ ಅಂತ ಬರದಾರ!" ಮಾತು ಖರೇ. ಪಕ್ಕದ ಬಾಗಲಕೋಟೆಯವರು ಹುಬ್ಬಳ್ಳಿ ನಿಗಮದವರು, ನಾವು ಕಲಬುರಗಿಯವರು. ಇನ್ನೂ ಹಿಂದೆ ಹೋದರೆ ಕಾಕಾನ ಅಪ್ಪನ ಕಾಲದಲ್ಲಿ ನಮ್ಮ ಕಡೆ ಓಡಿದ್ದು ಮುಂಬೈ ಸರಕಾರದ ಎಸ್.ಟಿ. ಆಚೆ ಮೈಸೂರು ಸೀಮೆಯಲ್ಲಿ ಸರಕಾರಿ ಬಸ್ಸು ಶುರುವಾದದ್ದು 1948ರ ಸೆಪ್ಟೆಂಬರ್ 12ಕ್ಕೆ, 120 ಬಸ್ಸಿನಿಂದ. ಮುಂಬೈ ಎಸ್.ಟಿ. ಹುಟ್ಟಿದ್ದೂ ಅದೇ ವರ್ಷ. 1956ರಲ್ಲಿ ರಾಜ್ಯಗಳು ಒಂದಾಗಿ ನಾವು ಈ ಕಡೆ ಬಂದೆವು.

ಕಾಕಾನ ಮಗಳು, ಅಳಿಯ ಈಗ ಬೊಮ್ಮಸಂದ್ರದಲ್ಲಿದ್ದಾರೆ. ಹಾಗಾಗಿ 2025ರ ಆಗಸ್ಟ್ 10ರಂದು ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗದ ಮೆಟ್ರೋ ಓಡಿದಾಗ ನಿಡೋಣಿಯ ಈ ಓಣಿಯಲ್ಲೂ ಪೇಡೆ ಹಂಚಿದ್ದಾಯಿತು. ಪೇಡೆ ಕೊಡುತ್ತಲೇ ಕಾಕಾ ಸುದ್ದಿ ತೆಗೆದರು.

"ಮಾಸ್ತರ, ಈ ಮೆಟ್ರೋ ಕೆಲಸ ದಡ ಮುಟ್ಟಿಸಿದ ಮಹೇಶ್ವರ ರಾವ್ ಸಾಹೇಬ್ರು, ಗಾಡಿ ಓಡೋ ಹೊತ್ತಿಗೆ ಮೆಟ್ರೋದಾಗ ಇಲ್ಲ ನೋಡ್ರಿ. ಬಿಬಿಎಂಪಿಗೆ ಹೋಗ್ಯಾರ. ಈಗ ರವಿಶಂಕರ್ ಅಂತ ಬಂದಾರ."

"ಬದಲಿ ಅಂದಮ್ಯಾಲ ಆಗೂದ ಕಾಕಾ."

"ಆಗಲಿ, ಬ್ಯಾಡ ಅನ್ನೂದಿಲ್ಲ. ಆದ್ರ ಈ ಬಸ್ಸು, ಮೆಟ್ರೋ ಹತ್ತಿದ ಸಾಹೇಬ್ರು ಎಲ್ಲಿ ಇಳೀತಾರಂತ ಒಂದ ಸಲ ಕೂತು ನೋಡ್ರಿ. ಮಜಾ ಐತಿ."

ನೋಡಿದೆ. ಮಜಾನೇ ಇದೆ. ಪ್ರದೀಪ್ ಸಿಂಗ್ ಖರೋಲಾ 1985ರ ತಂಡದ ಐಎಎಸ್. ಬೆಂಗಳೂರು ಮೆಟ್ರೋದ ಮೊದಲ ಹಂತ, 42.3 ಕಿಲೋಮೀಟರ್, ಪೂರ್ತಿಯಾಗಿ 2017ರ ಜೂನ್ 17ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಅವರಿಂದ ಉದ್ಘಾಟನೆಯಾದಾಗ ಇವರೇ ವ್ಯವಸ್ಥಾಪಕ ನಿರ್ದೇಶಕರು, ಅಂದರೆ ಎಂಡಿ. ಅದೇ ವರ್ಷದ ಕೊನೆಗೆ ಏರ್ ಇಂಡಿಯಾದ ಮುಖ್ಯಸ್ಥರಾಗಿ ಹೋದರು. ಮುಂದೆ ನಾಗರಿಕ ವಿಮಾನಯಾನ ಕಾರ್ಯದರ್ಶಿ. 2024ರಲ್ಲಿ ನೀಟ್ ಗದ್ದಲ ಎದ್ದಾಗ ರಾಷ್ಟ್ರೀಯ ಪರೀಕ್ಷಾ ಸಂಸ್ಥೆಯನ್ನು ಸಂಭಾಳಿಸಲು ಅವರನ್ನೇ ಕರೆದರು. ಸುರಂಗದಿಂದ ಆಕಾಶಕ್ಕೆ, ಆಕಾಶದಿಂದ ಪರೀಕ್ಷೆ ಹಾಲಿಗೆ. ಮಾಸ್ತರನಾಗಿ ಹೇಳುತ್ತೇನೆ, ಮೂರರಲ್ಲಿ ಕೊನೆಯದೇ ಕಠಿಣ.

ಅಜಯ್ ಸೇಠ್ ಕೂಡ ಮೆಟ್ರೋ ಎಂಡಿ ಆಗಿದ್ದವರು. 2021ರಲ್ಲಿ ದಿಲ್ಲಿಗೆ ಹೋಗಿ ಆರ್ಥಿಕ ವ್ಯವಹಾರಗಳ ಕಾರ್ಯದರ್ಶಿಯಾದರು, ಹಣಕಾಸು ಕಾರ್ಯದರ್ಶಿಯಾದರು, ನಿವೃತ್ತಿಯಾದ ಮೇಲೆ ದೇಶದ ವಿಮಾ ನಿಯಂತ್ರಣ ಪ್ರಾಧಿಕಾರದ ಅಧ್ಯಕ್ಷರಾದರು. ಉಪೇಂದ್ರ ತ್ರಿಪಾಠಿ ಬೆಂಗಳೂರಿನ ನಗರ ಬಸ್ಸಿನ ನಿಗಮ ಬಿಎಂಟಿಸಿ ನಡೆಸಿದವರು. ಮುಂದೆ ಕೇಂದ್ರದ ನವೀಕರಿಸಬಹುದಾದ ಇಂಧನ ಇಲಾಖೆಯ ಕಾರ್ಯದರ್ಶಿಯಾಗಿ, ಆಮೇಲೆ ಅಂತರರಾಷ್ಟ್ರೀಯ ಸೌರ ಒಕ್ಕೂಟದ ಮೊದಲ ಮಹಾನಿರ್ದೇಶಕರಾದರು.

"ಒಬ್ಬರು ವಿಮಾನದಾಗ ಇಳಿದ್ರು, ಒಬ್ಬರು ಖಜಾನಿದಾಗ ಇಳಿದ್ರು, ಒಬ್ಬರು ಸೀದಾ ಸೂರ್ಯನ ಕಡೆ ಹ್ವಾದ್ರು," ಅಂದರು ಕಾಕಾ. "ಬಸ್ ಸ್ಟ್ಯಾಂಡಿನಾಗ ಇಳಿದವ್ರು ಒಬ್ಬರೂ ಇಲ್ಲ."

ಹತ್ತುವುದೆಲ್ಲಿ ಅನ್ನುವುದೂ ಅಷ್ಟೇ ತಮಾಷೆ. ಬಹುತೇಕರು ಹತ್ತುವುದು ಜಿಲ್ಲಾಧಿಕಾರಿ ಬಂಗಲೆಯ ಮುಂದಿನ ಸ್ಟಾಪಿನಲ್ಲಿ. ಸಿ. ಶಿಖಾ ಮೈಸೂರಿನ ಡಿಸಿ ಆಗಿದ್ದವರು, ಪೊನ್ನುರಾಜ್ ಮಂಗಳೂರಿನಲ್ಲಿ ಡಿಸಿ ಆಗಿದ್ದವರು. ಇಬ್ಬರೂ ಬಿಎಂಟಿಸಿ ಎಂಡಿ ಆದರು. ನಮ್ಮ ವಿಜಯಪುರಕ್ಕೇ ಡಿಸಿ ಆಗಿದ್ದ ಶಿವಯೋಗಿ ಕಳಸದ ಮುಂದೆ ಕೆಎಸ್‌ಆರ್‌ಟಿಸಿ ಎಂಡಿ ಆದರು. 2020ರ ಲಾಕ್‌ಡೌನಿನಲ್ಲಿ ಬಸ್ಸುಗಳೆಲ್ಲ ನಿಂತಾಗಲೂ ಅವರೇ, 2021ರ ಏಪ್ರಿಲ್‌ನಲ್ಲಿ ಆರನೇ ವೇತನ ಆಯೋಗದ ಸಲುವಾಗಿ ನೌಕರರು ಹದಿನೈದು ದಿನ ಮುಷ್ಕರ ಹೂಡಿದಾಗಲೂ ಅವರೇ. ಇಂಥ ಹೊತ್ತಿನಲ್ಲಿ ಆ ಖುರ್ಚಿಯ ಮೇಲೆ ಕೂತವರ ಪಾಡು ಯಾರಿಗೂ ಬೇಡ. ಸರಕಾರದ ಕಡೆಯಿಂದ ನೌಕರರಿಗೆ ಬಿಗಿಯಾಗಿ ಹೇಳಬೇಕು, ನೌಕರರ ಕಡೆಯಿಂದ ಸರಕಾರಕ್ಕೆ ಮೆತ್ತಗೆ ಹೇಳಬೇಕು, ಕೊನೆಗೆ ಎರಡೂ ಕಡೆಯವರ ಬೈಗಳ ತಿನ್ನಬೇಕು.

"ಮಾಸ್ತರ, ನಮ್ಮಲ್ಲೂ ಡಿಸಿ ಇದ್ದಾರ್ರಿ," ಕಾಕಾ ಬೇಲಿಯ ಮುಳ್ಳು ಸರಿಸಿ ಮುಂದೆ ಬಂದರು. "ಡಿವಿಜನಲ್ ಕಂಟ್ರೋಲರ್. ಅವ್ರ ಕೆಳಗ ಡಿಪೋ ಮ್ಯಾನೇಜರ್, ಅವ್ರ ಕೆಳಗ ಟಿಐ, ಟಿಸಿ, ಆಮ್ಯಾಲ ನಾವು. ಮುಂಜಾನಿ ನಾಕಕ್ಕ ಡಿಪೋದಾಗ ಯಾವ ಗಾಡಿ ಸುರು ಆಗೂದಿಲ್ಲ, ಯಾವ ಡ್ರೈವರ್ ರಜಾ ಹಾಕ್ಯಾನ, ಯಾವ ಹಳ್ಳ ತುಂಬಿ ಯಾವ ಟ್ರಿಪ್ ಕ್ಯಾನ್ಸಲ್, ಎಲ್ಲಾ ಬಾಯಾಗ ಇರತೈತಿ. ಆದ್ರ ಎಂಡಿ ಆಗೂದು ನಮ್ಮ ಡಿಸಿ ಅಲ್ಲ, ಜಿಲ್ಲಾ ಡಿಸಿ."

ಈ ಮಾತಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಈಗಲೂ ಇಲ್ಲ.

ಎಂಡಿ ಸಾಹೇಬರು ಬಂದು ಕಲಿಯಬೇಕಾದದ್ದೇನು ಅಂತ ಕೇಳಿದೆ. ಕಾಕಾ ಅದನ್ನು ತಮ್ಮ ವೇಬಿಲ್ಲಿನಿಂದಲೇ ವಿವರಿಸಿದರು. ರಾತ್ರಿ ಕೊನೇ ಟ್ರಿಪ್ ಮುಗಿಸಿ ಡಿಪೋಕ್ಕೆ ಬಂದರೆ ಮಷಿನಿನಿಂದ ದಿನದ ಲೆಕ್ಕದ ಚೀಟಿ ತೆಗೆಯಬೇಕು. ನೋಟು ಬೇರೆ, ಚಿಲ್ಲರೆ ಬೇರೆ ಮಾಡಿ ಕ್ಯಾಷ್ ಕೌಂಟರಿನಲ್ಲಿ ಸುರಿಯಬೇಕು. ಹತ್ತು ರೂಪಾಯಿ ಕಡಿಮೆ ಬಿದ್ದರೆ ಸ್ವಂತ ಜೇಬಿನಿಂದ ತುಂಬಬೇಕು. ಮಷಿನ್ ಬರುವ ಮೊದಲು ಬಣ್ಣಬಣ್ಣದ ಟಿಕೆಟ್ ಕಟ್ಟಿನ ಟ್ರೇ ಇತ್ತು, ಒಂದೊಂದು ದರದ ಶುರು ನಂಬರು, ಕೊನೆ ನಂಬರು ಬರೆದು ಕಳೆಯುವುದರೊಳಗೆ ಕಣ್ಣು ಎಳೆಯುತ್ತಿತ್ತು. ಆ ದುಡ್ಡನ್ನು ಅವತ್ತು ಓಡಿದ ಕಿಲೋಮೀಟರಿನಿಂದ ಭಾಗಿಸಿದರೆ ಬರುವುದೇ ಇಪಿಕೆಎಂ, ಕಿಲೋಮೀಟರಿಗೆ ಗಳಿಕೆ ಎಷ್ಟು ಅಂತ. ಡೀಸೆಲ್ ಲೀಟರಿಗೆ ಎಷ್ಟು ಓಡಿತು ಅನ್ನುವುದು ಕೆಎಂಪಿಎಲ್. ಇದಕ್ಕೆ ಡ್ರೈವರ್ ಹೊಣೆ, ಅದಕ್ಕೆ ಕಂಡಕ್ಟರ್ ಹೊಣೆ.

"ನಿಡೋಣಿ ಗಾಡಿ ಲೆಕ್ಕಾನೂ ಇದ, ಬೆಂಗಳೂರಿನ ಆರೇಳು ಸಾವಿರ ಗಾಡಿ ಲೆಕ್ಕಾನೂ ಇದ. ಸೊನ್ನಿ ಜಾಸ್ತಿ, ಅಷ್ಟ."

ಆದರೆ ಅಲ್ಲೇ ಸಾಹೇಬರ ಕೈ ಕಟ್ಟಿದೆ. ಡೀಸೆಲ್ ದರ ಅವರ ಕೈಯಲ್ಲಿಲ್ಲ. ಟಿಕೆಟ್ ದರವಂತೂ ಇಲ್ಲವೇ ಇಲ್ಲ, ಅದು ಸಚಿವ ಸಂಪುಟದ ಮಾತು. 2020ರ ಫೆಬ್ರವರಿಯಲ್ಲಿ ಉಳಿದ ಮೂರು ನಿಗಮಗಳ ದರ ಏರಿಸಿದಾಗ ಬಿಎಂಟಿಸಿಯನ್ನು ಹಾಗೇ ಬಿಟ್ಟರು. ಬೆಂಗಳೂರಿನ ಮತದಾರ ಸಿಟ್ಟಾಗಬಾರದು ನೋಡಿ. 2025ರ ಜನವರಿಯಲ್ಲಿ ನಾಲ್ಕೂ ನಿಗಮಗಳಿಗೆ ಒಮ್ಮೆಲೇ ಶೇ. 15 ಏರಿಸಿದರು. ಮರುತಿಂಗಳು ಮೆಟ್ರೋ ದರ ಏರಿತು, ಗರಿಷ್ಠ 60 ಇದ್ದದ್ದು 90 ರೂಪಾಯಿ ಆಯಿತು. ಅದನ್ನು ಗೊತ್ತುಮಾಡಿದ್ದು ದರ ನಿಗದಿ ಸಮಿತಿ, ರಾಜ್ಯ ಕೇಂದ್ರದ ಮೇಲೆ, ಕೇಂದ್ರ ರಾಜ್ಯದ ಮೇಲೆ ಹಾಕಿತು, ನಡುವೆ ಮೈಕಿನ ಮುಂದೆ ನಿಂತು ಉತ್ತರ ಕೊಡಬೇಕಾದವರು ಎಂಡಿ.

ಇಷ್ಟೊತ್ತು ಸುಮ್ಮನಿದ್ದ ಕಾಕು ಒಳಗಿನಿಂದ ಬಂದು, "ನಮಗ ಯಾವ ಎಂಡಿ ಬ್ಯಾಡೋ ಯಪ್ಪಾ, ಸೊನ್ನಿ ಟಿಕೀಟು ಇರಲಿ ಸಾಕು," ಅಂದರು. 2023ರ ಜೂನ್ 11ಕ್ಕೆ ಹೆಣ್ಣುಮಕ್ಕಳಿಗೆ ಪುಕ್ಕಟೆ ಪ್ರಯಾಣದ ಶಕ್ತಿ ಯೋಜನೆ ಬಂದಾಗಿನಿಂದ ಕಾಕು ವಿಜಯಪುರದ ಸಿದ್ಧೇಶ್ವರ ಗುಡಿಗೆ, ಸಂತಿಗೆ, ತವರಿಗೆ ಹೇಳದೆ ಕೇಳದೆ ಹೊರಡುತ್ತಾರೆ. ಮೊದಲು ಕಾಕಾನ ಹತ್ತಿರ ಚಾರ್ಜಿಗೆ ರೊಕ್ಕ ಕೇಳಬೇಕಿತ್ತು. ಈಗ ಬಸ್ಸಿನಲ್ಲಿ ಹೆಣ್ಣುಮಕ್ಕಳದೇ ಮಾತು, ಗಂಡಸರು ನಿಂತುಕೊಂಡು ಕೇಳುತ್ತಾರೆ. ಕಾಕಾ ಅದಕ್ಕೂ ಲೆಕ್ಕ ಹಚ್ಚುತ್ತಾರೆ: ಸೊನ್ನೆ ಟಿಕೀಟೂ ಟಿಕೀಟೇ, ಅದರ ರೊಕ್ಕವನ್ನು ಸರಕಾರ ನಿಗಮಕ್ಕೆ ತುಂಬಿಕೊಡಬೇಕು, ಆ ರೊಕ್ಕ ಹೊತ್ತಿಗೆ ಸರಿಯಾಗಿ ಬರುವಂತೆ ವಿಧಾನಸೌಧಕ್ಕೆ ಅಡ್ಡಾಡುವುದೂ ಸಾಹೇಬರದೇ ಕೆಲಸ.

ಐಎಎಸ್‌ನವರಿಗೆ ಬಸ್ಸು ತಿಳಿಯುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಹಾಗಂದರೆ ಸುಳ್ಳಾಗುತ್ತದೆ. ನಗರದ ಬಸ್ಸಿಗೆ ವೋಲ್ವೋ ಇಳಿಸಿದ ದೇಶದ ಮೊದಲ ಊರು ಬೆಂಗಳೂರು, ಅದನ್ನು 2006ರ ಸುಮಾರಿಗೆ ಮಾಡಿಸಿದವರು ಹೊರಗಿನಿಂದ ಬಂದ ತ್ರಿಪಾಠಿ. ನೆಲಕ್ಕೆ ತಾಗಿದಂಥ ಮೆಟ್ಟಿಲು, ಹವಾನಿಯಂತ್ರಣ, ಹಿಂದೆ ಎಂಜಿನ್, ವಜ್ರ ಅಂತ ಹೆಸರು. ಕಾರಿನವನನ್ನು ಕಾರು ಬಿಡಿಸಿ ಬಸ್ಸಿಗೆ ಹತ್ತಿಸಬೇಕು ಅನ್ನುವ ಹಟ. ಡಿಪೋದಲ್ಲೇ ಬೆಳೆದವರಾಗಿದ್ದರೆ ‘ಕೆಎಂಪಿಎಲ್ ಬೀಳತೈತ್ರಿ’ ಅಂತ ಹಿಂದೆ ಸರಿಯುತ್ತಿದ್ದರೇನೋ. ಬಿದ್ದದ್ದೂ ನಿಜ. ವೋಲ್ವೋ ಸಾದಾ ಬಸ್ಸಿಗಿಂತ ಬಹಳ ಡೀಸೆಲ್ ಕುಡಿಯುತ್ತದೆ, ಬಿಡಿಭಾಗವೂ ತುಟ್ಟಿ. ಮುಂದೆ ಅದು ನಿಗಮಕ್ಕೆ ದೊಡ್ಡ ಭಾರವಾಯಿತು. ಆದರೆ ಅಷ್ಟೊತ್ತಿಗೆ ತಂದವರು ದಾಟಿ ಹೋಗಿದ್ದರು. ಬಿಲ್ಲು ಎಣಿಸುವ ಪಾಳಿ ಮುಂದಿನವರಿಗೆ ಬಂತು. ತಂದವರೇ ಇದ್ದು, ಎಲ್ಲಿ ವೋಲ್ವೋ ಬೇಕು, ಎಲ್ಲಿ ಸಾದಾ ಸಾಕು ಅಂತ ತಿದ್ದುತ್ತಾ ಹೋಗಿದ್ದರೆ ಕಥೆ ಬೇರೆಯಾಗುತ್ತಿತ್ತು ಅನ್ನುವುದು ನನ್ನ ಲೆಕ್ಕ.

2019ರ ಬಸ್ ಪಥದ್ದೂ ಅದೇ ಹಣೆಬರಹ. ಶಿಖಾ ಅವರು ಬಿಎಂಟಿಸಿಯಲ್ಲಿದ್ದಾಗ ಹೊರವರ್ತುಲ ರಸ್ತೆಯಲ್ಲಿ, ಟಿನ್ ಫ್ಯಾಕ್ಟರಿಯಿಂದ ಸಿಲ್ಕ್ ಬೋರ್ಡ್ ಕಡೆಗೆ, ಬಸ್ಸಿಗೇ ಅಂತ ಒಂದು ಸಾಲು ಬಿಡಿಸಿ ಕಂಬ ನೆಟ್ಟರು. ನಿಂಬಸ್ ಅಂತ ಹೆಸರಿಟ್ಟರು. ಕಾಕಾನ ಅಳಿಯ ಆಗ ಮಾರತಹಳ್ಳಿಯಲ್ಲಿದ್ದ, ಬಸ್ಸು ಸುಂಯ್ ಅಂತ ಹೋಗುತ್ತದೆ ಅಂತ ಫೋನಿನಲ್ಲಿ ಕೊಂಡಾಡಿದ್ದ. ಆಮೇಲೆ ಅದೇ ರಸ್ತೆಯಲ್ಲಿ ಮೆಟ್ರೋ ಕೆಲಸ ಶುರುವಾಯಿತು, ಕಂಬಗಳು ಕಿತ್ತು ಹೋದವು. ಬಸ್ಸಿಗೊಬ್ಬ ಎಂಡಿ, ಮೆಟ್ರೋಕ್ಕೊಬ್ಬ ಎಂಡಿ, ರಸ್ತೆಗೆ ಪಾಲಿಕೆ, ಸಿಗ್ನಲ್ಲಿಗೆ ಪೊಲೀಸರು. ಅಂಜುಂ ಪರ್ವೇಜ್ ಒಬ್ಬರು ಬಿಎಂಟಿಸಿಯನ್ನೂ ನಡೆಸಿದವರು, ಮುಂದೆ ಮೆಟ್ರೋವನ್ನೂ ನಡೆಸಿದವರು. ಎರಡೂ ಮನೆಯ ಒಳಗು ಬಲ್ಲ ಅಂಥವರಿಗೂ ಒಂದು ಕಾಲಕ್ಕೆ ಒಂದೇ ಮನೆಯ ಕೀಲಿ.

ಕಾಕಾ ಬೆರಳು ಮಡಚಿ ಎಣಿಸಿದರು: "ಪೊನ್ನುರಾಜ್, ಎನ್.ವಿ. ಪ್ರಸಾದ್, ಶಿಖಾ, ಅನ್ಬುಕುಮಾರ್, ಸತ್ಯವತಿ, ರಾಮಚಂದ್ರನ್." ಕೆಲವೇ ವರ್ಷಗಳೊಳಗೆ ಬಿಎಂಟಿಸಿಯ ಒಂದೇ ಖುರ್ಚಿಗೆ ಆರು ಹೆಸರು. "ಒಂದು ಗಾಡಿ ಹತ್ತು ವರ್ಷದ ಮ್ಯಾಲ ಓಡತೈತ್ರಿ. ಅದ್ರ ಆಯುಷ್ಯದಾಗ ಎಷ್ಟು ಎಂಡಿ ನೋಡತೈತಿ!"

ಇದಕ್ಕೆ ಎದುರಾಗಿ ಮೆಟ್ರೋದ ಮೊದಲ ದಿನಗಳನ್ನು ಇಟ್ಟು ನೋಡಬೇಕು. ಎನ್. ಶಿವಶೈಲಂ ಇದ್ದಾಗ 2011ರ ಅಕ್ಟೋಬರ್ 20ಕ್ಕೆ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ಗಾಡಿ ಓಡಿತು. ಖರೋಲಾ ಇದ್ದಾಗ ಸುರಂಗ ಮುಗಿಯಿತು. ಇಬ್ಬರಿಗೂ ಒಂದಿಷ್ಟು ವರ್ಷ ಕೈಬಿಡದೆ ಕೂರುವುದಕ್ಕೆ ಸಿಕ್ಕಿತು. ಬೆಂಗಳೂರಿನ ಕರಿಬಂಡೆ ಕೊರೆಯುವ ಯಂತ್ರಗಳಿಗೆ ಕಾವೇರಿ, ಕೃಷ್ಣಾ, ಗೋದಾವರಿ ಅಂತೆಲ್ಲಾ ಹೆಸರಿಟ್ಟಿದ್ದರು. ಗೋದಾವರಿ ನೆಲದೊಳಗೆ ಸಿಕ್ಕಿಕೊಂಡು ತಿಂಗಳುಗಟ್ಟಲೆ ಅಲುಗಲಿಲ್ಲ. 2016ರ ಏಪ್ರಿಲ್‌ನಲ್ಲಿ ವಿಧಾನಸೌಧದ ಕೆಳಗೆ ರೈಲು ಹಾಯಿತು. ಅಂಥ ಹೊತ್ತಿನಲ್ಲಿ ಎಂಡಿ ಬದಲಾದರೆ, ಬಂದವರಿಗೆ ಯಂತ್ರ ಎಲ್ಲಿ ಸಿಕ್ಕಿಕೊಂಡಿದೆ ಅಂತ ತೋರಿಸುವುದರಲ್ಲೇ ಅರ್ಧ ವರ್ಷ ಹೋಗುತ್ತದೆ.

"ಅಲ್ರೀ, ದಿಲ್ಲಿ ಮೆಟ್ರೋದ ಶ್ರೀಧರನ್ ಹೆಂಗ ಮಾಡಿದ್ರು ಮತ್ತ?" ಅಂದೆ.

ಆ ಹೆಸರು ಬಂದರೆ ಕಾಕಾ ಟೊಪಗಿ ಸರಿ ಮಾಡಿಕೊಳ್ಳುತ್ತಾರೆ. ಶ್ರೀಧರನ್ ರೈಲ್ವೆಯೊಳಗೇ ಕೆಳಗಿನಿಂದ ಬೆಳೆದ ಎಂಜಿನಿಯರ್. 1964ರ ಚಂಡಮಾರುತದಲ್ಲಿ ಕೊಚ್ಚಿಹೋದ ಪಾಂಬನ್ ಸೇತುವೆಯನ್ನು 46 ದಿನದಲ್ಲಿ ಎಬ್ಬಿಸಿ ನಿಲ್ಲಿಸಿದವರು. ನಮ್ಮ ಕಾರವಾರ, ಉಡುಪಿ ಮೇಲೆ ಹಾಯುವ ಕೊಂಕಣ ರೈಲ್ವೆ ಕಟ್ಟಿಸಿದವರು. 1997ರಲ್ಲಿ ದಿಲ್ಲಿ ಮೆಟ್ರೋಕ್ಕೆ ಬಂದು ಕೂತವರು 2011ರ ಕೊನೆಯ ದಿನದವರೆಗೂ ಏಳಲಿಲ್ಲ. ಕಚೇರಿಗಳಲ್ಲಿ ಇನ್ನೆಷ್ಟು ದಿನ ಉಳಿದಿದೆ ಅಂತ ತೋರಿಸುವ ಉಲ್ಟಾ ಗಡಿಯಾರ ಹಾಕಿಸಿದ್ದರು. ಬೆಂಗಳೂರು ಮೆಟ್ರೋದ ಮೊದಲ ಯೋಜನಾ ವರದಿ ಬರೆದುಕೊಟ್ಟದ್ದೂ ಅವರ ಅದೇ ದಿಲ್ಲಿ ಸಂಸ್ಥೆ. ಹದಿನಾಲ್ಕು ವರ್ಷ! ದಿಲ್ಲಿಯಲ್ಲಿ ಅಷ್ಟರೊಳಗೆ ಪ್ರಧಾನಿ ಬದಲಾದರು, ಮುಖ್ಯಮಂತ್ರಿ ಬದಲಾದರು, ಅವರು ಬದಲಾಗಲಿಲ್ಲ.

ಲಂಡನ್ನಿನಲ್ಲಿ ಪೀಟರ್ ಹೆಂಡಿ ಅಂತ ಒಬ್ಬರಿದ್ದಾರೆ ಅಂದೆ. ಹೆಸರು ಕೇಳಿ ಕಾಕು ಸೆರಗು ಬಾಯಿಗೆ ಹಿಡಿದುಕೊಂಡು ಒಳಗೆ ಹೋದರು. ನಗುವುದಿದ್ದರೆ ನಗಲಿ, ಮನುಷ್ಯ ದೊಡ್ಡವನು. 1975ರಲ್ಲಿ ಕಾಲೇಜು ಮುಗಿಸಿ ಲಂಡನ್ ಸಾರಿಗೆಗೆ ತರಬೇತಿ ನೌಕರನಾಗಿ ಸೇರಿದ. ಬಸ್ಸಿನ ಕಡೆಯಲ್ಲೇ ಬೆಳೆದು 2006ರಿಂದ 2015ರವರೆಗೆ ಇಡೀ ಲಂಡನ್ ಸಾರಿಗೆಯ ಕಮಿಷನರ್ ಆದ. 2012ರ ಒಲಿಂಪಿಕ್ಸ್ ಜಾತ್ರೆಯನ್ನು ಬಸ್ಸು, ರೈಲಿನಲ್ಲೇ ಸಾಗಿಸಿದ. ಆಮೇಲೆ ದೇಶದ ರೈಲುಹಳಿ ಸಂಸ್ಥೆಯ ಅಧ್ಯಕ್ಷ, 2024ರಲ್ಲಿ ರೈಲ್ವೆ ಮಂತ್ರಿ. ಮಂತ್ರಿಯಾದರೂ ಇಳಿದದ್ದು ರೈಲಿನಲ್ಲೇ. ಮನೆಯಲ್ಲಿ ಕೆಲವರು ಎತ್ತು ಸಾಕಿದ ಹಾಗೆ ಈತ ಸ್ವಂತಕ್ಕೆ ಹಳೇ ಕೆಂಪು ಡಬಲ್ ಡೆಕ್ಕರ್ ಸಾಕಿದ್ದಾನೆ, ತಾನೇ ಓಡಿಸುತ್ತಾನೆ.

ಕಾಕಾ ಬಹಳ ಹೊತ್ತು ಇದನ್ನೇ ಮೆಲುಕು ಹಾಕಿದರು. "ಸ್ವಂತಾ ಬಸ್ಸು? ಸ್ಟೇರಿಂಗ್ ಅವ್ರ ಹಿಡೀತಾರ? ಹಂಗಾದ್ರ ಅವ್ರಿಗೆ ಕ್ಲಚ್ ಪ್ಲೇಟ್ ಸವೆದ ವಾಸನಿ ಗೊತ್ತಿರತೈತಿ."

"ಗೊತ್ತಿದ್ರೇನು ಬಂತು ಕಾಕಾ, ಇಲ್ಲಿ ಹಂಗ ಆಗೂದಿಲ್ಲ."

"ಯಾಕ ಆಗೂದಿಲ್ಲ? ಯಾರು ತಡದಾರ?"

ತಡೆದದ್ದು ಯಾವ ಕಾನೂನೂ ಅಲ್ಲ, ರೂಢಿ. ಕಾನೂನು ಇನ್ನೊಂದು ಕಡೆಗಿದೆ. ಪದೇ ಪದೇ ವರ್ಗಾವಣೆ ಮಾಡಬಾರದು ಅಂತ ಸುಪ್ರೀಂ ಕೋರ್ಟು 2013ರಲ್ಲಿ ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ಹೇಳಿತು. ಮರುವರ್ಷ ಕೇಂದ್ರ ಸರಕಾರ, ಐಎಎಸ್ ಅಧಿಕಾರಿಗೆ ಒಂದು ಹುದ್ದೆಯಲ್ಲಿ ಕನಿಷ್ಠ ಎರಡು ವರ್ಷ ಅಂತ ನಿಯಮ ತಿದ್ದಿತು. ಅದಕ್ಕಿಂತ ಮೊದಲೇ ಎತ್ತಬೇಕಾದರೆ ನಾಗರಿಕ ಸೇವಾ ಮಂಡಳಿಯ ಮುಂದೆ ಕಾರಣ ಹೇಳಬೇಕು. ಕಾರಣ ಹೇಳುವುದರಲ್ಲಿ ನಮ್ಮ ಸರಕಾರಗಳು ಎಂದೂ ಬಡವಾಗಿಲ್ಲ. ಎಲ್ಲದಕ್ಕೂ ‘ಆಡಳಿತಾತ್ಮಕ’ ಅನ್ನುವ ಒಂದು ಪದ ಸಿದ್ಧವಿರುತ್ತದೆ. ಅಷ್ಟಕ್ಕೂ ಬಸ್ಸಿನ ಕೆಲಸಕ್ಕೆ ಎರಡು ವರ್ಷ ಯಾವ ಮೂಲೆಗೆ? ಹೊಸ ಬಸ್ಸಿಗೆ ಟೆಂಡರ್ ಕರೆದು, ಅದು ಬಿದ್ದು, ಮತ್ತೆ ಕರೆದು, ಕೋರ್ಟಿನಲ್ಲಿ ತಗಾದೆ ಮುಗಿದು, ಬಸ್ಸು ಡಿಪೋಕ್ಕೆ ಬರುವ ಹೊತ್ತಿಗೆ ಪೂಜೆಗೆ ಕಾಯಿ ಒಡೆಯುವವರು ಬೇರೆ ಸಾಹೇಬರಾಗಿರುತ್ತಾರೆ.

ಕಾಕಾನಂಥ ಕಂಡಕ್ಟರ್ ಒಂದೇ ರಸ್ತೆಯ ಹೊಂಡಗಳನ್ನು ಹೆಸರಿಟ್ಟು ಕರೆಯುವಷ್ಟು ವರ್ಷ ದುಡಿಯುತ್ತಾರೆ. ಡಿಪೋ ಮ್ಯಾನೇಜರ್ ದುಡಿಯುತ್ತಾರೆ, ವಿಭಾಗದ ಡಿಸಿ ದುಡಿಯುತ್ತಾರೆ. ಮೇಲಿನ ಒಂದೇ ಒಂದು ಖುರ್ಚಿ ಮಾತ್ರ ನಿಲ್ದಾಣದ ಬೆಂಚಿನಂತಾಗಿದೆ. ಒಳ್ಳೆಯವರೂ ಬರುತ್ತಾರೆ, ಜಾಣರೂ ಬರುತ್ತಾರೆ, ಅವರ ಗಾಡಿ ಬಂದಾಗ ಎದ್ದು ಹೋಗುತ್ತಾರೆ.

ವಿಧಾನಸೌಧದಲ್ಲಿ ವರ್ಗಾವಣೆ ಪಟ್ಟಿ ಬರೆಯುವವರು ಇದನ್ನು ಓದುತ್ತಿದ್ದರೆ ನಿಡೋಣಿಯಿಂದ ಇಬ್ಬರ ಅರ್ಜಿ: ನಿಗಮದೊಳಗೇ ಬೆಳೆದ ಒಬ್ಬ ವಿಭಾಗೀಯ ನಿಯಂತ್ರಣಾಧಿಕಾರಿಯನ್ನು ಒಮ್ಮೆ ಎಂಡಿ ಮಾಡಿ ನೋಡಿರಿ. ಅದು ಆಗದಿದ್ದರೆ, ಈಗ ಕೂತವರು ಯಾರೇ ಇರಲಿ, ನಾಲ್ಕು ವರ್ಷ ಅವರನ್ನು ಎಬ್ಬಿಸಬೇಡಿರಿ.